ಅಭ್ಯಾಸದ ಕೋಲಿನಲ್ಲಿ ಬರುವ ಸ್ವಿಂಗ್ ಸ್ವಂತ ಕ್ಲಬ್ಬಿನಲ್ಲಿ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 56, ಬಲಗೈ ಆಟಗಾರ. ಭಾನುವಾರ ಮಾತ್ರ ಮೈಸೂರಿಗೆ ಬಂದು ಗಾಲ್ಫ್ ಆಡುತ್ತೇನೆ. ಉಳಿದ ದಿನಗಳಲ್ಲಿ ಮನೆಯ ತಾರಸಿಯೇ ನನ್ನ ಮೈದಾನ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 22. ಡ್ರೈವರ್ ಎಂಬ, ದೂರ ಹೊಡೆಯುವ ಕ್ಲಬ್ಬಿನಲ್ಲಿ (ಕ್ಲಬ್ ಎಂದರೆ ಚೆಂಡು ಹೊಡೆಯುವ ದಾಂಡು) ಹೊಡೆದರೆ ಚೆಂಡು ಬಲಕ್ಕೆ ಬಾಗಿ ಸ್ಲೈಸ್ ಆಗುತ್ತದೆ. ತೆಳುವಾದ ಲೋಹದ ತಲೆಯ ಐರನ್‌ನಲ್ಲಿ ಹೊಡೆದರೆ ಎಷ್ಟೋ ಸಲ ಚೆಂಡಿಗಿಂತ ಮೊದಲು ನೆಲಕ್ಕೇ ಪೆಟ್ಟು ಬೀಳುತ್ತದೆ. ಆರು ತಿಂಗಳ ಹಿಂದೆ, ಬಳುಕುವ ಶಾಫ್ಟ್ (ಉದ್ದನೆಯ ದಂಡ) ಮತ್ತು ತುದಿಯಲ್ಲಿ ಭಾರದ ಗುಂಡು ಇರುವ ಅಭ್ಯಾಸದ ಕೋಲೊಂದನ್ನು ತರಿಸಿಕೊಂಡೆ. ದಿನವೂ ತಾರಸಿಯಲ್ಲಿ ಬೀಸುತ್ತೇನೆ, ಸ್ವಿಂಗ್ ಬಹಳ ಸಲೀಸಾಗಿ ಬರುತ್ತದೆ. ಭಾನುವಾರ ಅಭ್ಯಾಸದ ಮೈದಾನವಾದ ರೇಂಜಿನಲ್ಲಿ ಕೋಲು ಬೀಸಿದ ಮೇಲೆ ಹೊಡೆದ ಮೊದಲ ನಾಲ್ಕೈದು ಚೆಂಡುಗಳು ಚೆನ್ನಾಗಿ ಹೋಗುತ್ತವೆ, ಆಮೇಲೆ ಹಳೆಯ ಕಥೆಯೇ. ದೋಷ ಕೋಲಿನದೋ ನನ್ನದೋ? ಮಣಿಕಟ್ಟಿನ ಕೋನವನ್ನು ಹಿಡಿದಿಡುವ ಇನ್ನೊಂದು ಸಾಧನ ಕೊಳ್ಳುವಂತೆ ಗೆಳೆಯರು ಹೇಳುತ್ತಿದ್ದಾರೆ, ಕೊಳ್ಳಲೇ? ಆಟದ ನಡುವೆ ಟೀಯಲ್ಲಿ (ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ) ಕಾಯುವಾಗ ಈ ಕೋಲನ್ನು ಬೀಸಬಹುದೇ? ಇತ್ತೀಚೆಗೆ ಬೆಳಿಗ್ಗೆ ಏಳುವಾಗ ಸೊಂಟ ಸ್ವಲ್ಪ ಹಿಡಿದುಕೊಂಡಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ: ಕೋಲಿನಲ್ಲಿ ದೋಷವಿಲ್ಲ, ನಿಮ್ಮ ಶ್ರದ್ಧೆಯಲ್ಲಂತೂ ಇಲ್ಲವೇ ಇಲ್ಲ. ಆ ಕೋಲು ಏನನ್ನು ಕಲಿಸಬಲ್ಲುದೋ ಅದನ್ನು ನಿಮಗೆ ಬಹುಮಟ್ಟಿಗೆ ಕಲಿಸಿದೆ. ಕಲಿತದ್ದನ್ನು ನಿಮ್ಮ ಸ್ವಂತ ಕ್ಲಬ್ಬಿಗೆ, ಚೆಂಡಿನ ಮುಂದೆ ನಿಂತಿರುವ ಗಳಿಗೆಗೆ ದಾಟಿಸುವ ಅಭ್ಯಾಸ ಮಾತ್ರ ನಡೆದಿಲ್ಲ. ವಾರದಲ್ಲಿ ಆರು ದಿನ ಬರೀ ಕೋಲು, ಒಂದು ದಿನ ಬರೀ ಚೆಂಡು ಎಂದು ನೀವು ಎರಡನ್ನೂ ಬೇರೆ ಬೇರೆ ಇಟ್ಟಿದ್ದೀರಿ. ಹೀಗಾಗಿ ದೇಹವೂ ಅವೆರಡನ್ನು ಬೇರೆ ಬೇರೆ ಕೆಲಸಗಳೆಂದೇ ಕಲಿತುಕೊಂಡಿದೆ.

ಮೊದಲು ಕೋಲು ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಒಂದು ಡ್ರೈವರಿನ ತೂಕ ಸುಮಾರು 300ರಿಂದ 330 ಗ್ರಾಂ. ಗುಂಡಿರುವ ಇಂಥ ಕೋಲುಗಳಲ್ಲಿ ಅನೇಕವು ಅದರ ಎರಡು ಪಟ್ಟಿಗಿಂತಲೂ ಹೆಚ್ಚು ತೂಗುತ್ತವೆ. ಶಾಫ್ಟ್ ಬಳುಕುವುದರಿಂದ, ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗಿನ ಕೊನೆಯಲ್ಲಿ ನಿಮ್ಮ ಕೈ ನಿಂತ ಮೇಲೂ ಗುಂಡು ಇನ್ನೊಂದಿಷ್ಟು ಹಿಂದಕ್ಕೆ ಸಾಗುತ್ತಲೇ ಇರುತ್ತದೆ. ಅದು ತನ್ನ ಪಯಣ ಮುಗಿಸುವ ಮೊದಲೇ ನೀವು ಭುಜದ ಬಲದಿಂದ ಕೆಳಗೆ ಎಳೆದರೆ ಇಡೀ ಕೋಲು ಓಲಾಡುತ್ತದೆ, ಹಿಡಿಯಲ್ಲಿ ಒಂದು ಬಗೆಯ ಒದೆತ ಸಿಗುತ್ತದೆ, ಫಾಲೋ ಥ್ರೂ ಮುಗಿಯುವಾಗ ಗುಂಡು ಬೆನ್ನಿಗೋ ತೋಳಿಗೋ ಬಂದು ಬಡಿಯುವುದೂ ಉಂಟು. ಕಾದು, ಸೊಂಟದಿಂದ ತಿರುವು ಆರಂಭಿಸಿ, ತೋಳು ಮತ್ತು ಕೈಗಳನ್ನು ಅದರ ಹಿಂದೆ ಬರಲು ಬಿಟ್ಟರೆ ಮಾತ್ರ ಕೋಲು ಸದ್ದಿಲ್ಲದೆ ಒಂದೇ ಓಟದಲ್ಲಿ ಸುತ್ತಿ ಬರುತ್ತದೆ. ಸ್ನಾಯುಗಳಲ್ಲೂ ಸ್ನಾಯುರಜ್ಜುಗಳಲ್ಲೂ ಎಳೆತವನ್ನು ಅಳೆದು ಮೆದುಳಿಗೆ ತಿಳಿಸುವ ಸೂಕ್ಷ್ಮ ಗ್ರಾಹಕಗಳಿವೆ. ಭಾರ ಹೆಚ್ಚಾದಷ್ಟೂ ಅವು ಕಳುಹಿಸುವ ಸುದ್ದಿ ಸ್ಪಷ್ಟವಾಗುತ್ತದೆ. ಮುನ್ನೂರು ಗ್ರಾಮಿನ ಕ್ಲಬ್ಬಿನಲ್ಲಿ ಗಮನಕ್ಕೇ ಬಾರದೆ ಹೋಗುವ ಅವಸರ ಈ ಕೋಲಿನಲ್ಲಿ ಅಂಗೈಗೆ ತಟ್ಟುವುದು ಈ ಕಾರಣದಿಂದ. ಲಯ, ದೇಹದ ಭಾಗಗಳು ಚಲಿಸುವ ಸರದಿ, ಕೊನೆಯಲ್ಲಿ ಎಡಗಾಲಿನ ಮೇಲೆ ಸಮತೋಲನದಿಂದ ನಿಲ್ಲುವುದು, ಈ ಮೂರನ್ನು ಕಲಿಸುವುದರಲ್ಲಿ ನಿಮ್ಮ ಕೋಲು ನಿಜಕ್ಕೂ ಒಳ್ಳೆಯ ಗುರು.

ಆದರೆ ನಿಮ್ಮ ಮುಖ್ಯ ದೂರು ಸ್ಲೈಸ್. ಆ ವಿಷಯದಲ್ಲಿ ಕೋಲು ಬಾಯಿ ಬಿಡಲಾರದು, ಏಕೆಂದರೆ ಗುಂಡಿಗೆ ಮುಖವೇ ಇಲ್ಲ. ಚೆಂಡು ಕ್ಲಬ್ಬಿಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಷ್ಟು ಕಾಲ. ಆ ಹೊತ್ತಿನಲ್ಲಿ ಕ್ಲಬ್‌ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಯಾವ ಕಡೆ ನೋಡುತ್ತಿದೆಯೋ ಬಹುಪಾಲು ಆ ಕಡೆಗೇ ಚೆಂಡು ಹೊರಡುತ್ತದೆ. ಹೊರಟ ಮೇಲೆ ಅದು ಯಾವ ಕಡೆ ಬಾಗುತ್ತದೆ ಎಂಬುದನ್ನು, ಕ್ಲಬ್‌ಹೆಡ್ ಸಾಗುವ ದಾರಿಗೂ ಫೇಸ್ ನೋಡುವ ದಿಕ್ಕಿಗೂ ಇರುವ ಅಂತರ ತೀರ್ಮಾನಿಸುತ್ತದೆ. ದಾರಿಗೆ ಹೋಲಿಸಿದರೆ ಫೇಸ್ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಗುಂಡಿನ ಕೋಲನ್ನು ನೀವು ಹೇಗೆ ತಿರುಗಿಸಿ ಹಿಡಿದರೂ ಅದಕ್ಕೆ ಒಂದೇ. ಎಡಗೈ ಎಡಕ್ಕೆ ಜಾರಿ ಗ್ರಿಪ್ ದುರ್ಬಲವಾಗಿದ್ದರೂ ಕೋಲು ಅಷ್ಟೇ ಚೆಂದವಾಗಿ ಸುತ್ತುತ್ತದೆ. ಹಾಗಾಗಿ ಆರು ತಿಂಗಳ ಕಾಲ ದಿನವೂ ಸುಂದರವಾದ ಲಯದಲ್ಲಿ ತಪ್ಪು ಗ್ರಿಪ್ಪನ್ನು ಗಟ್ಟಿ ಮಾಡಿಕೊಂಡಿರುವ ಸಾಧ್ಯತೆ ಇದ್ದೇ ಇದೆ. ಇದಕ್ಕೊಂದು ಸುಲಭ ಉಪಾಯವಿದೆ. ಎಲೆಕ್ಟ್ರಿಷಿಯನ್ನರು ಬಳಸುವ ಇನ್ಸುಲೇಷನ್ ಟೇಪಿನ ಒಂದು ಸಣ್ಣ ಪಟ್ಟಿಯನ್ನು ಕೋಲಿನ ಹಿಡಿಯ ನೆತ್ತಿಯ ಮೇಲೆ ಉದ್ದಕ್ಕೆ ಅಂಟಿಸಿ. ಕೋಲು ಹಿಡಿದಾಗಲೆಲ್ಲ ಆ ಪಟ್ಟಿ ಆಕಾಶಕ್ಕೆ ನೇರವಾಗಿ ನೋಡಲಿ. ಮೇಲಿನಿಂದ ನೋಡಿದರೆ ಎಡಗೈಯ ಎರಡು ಗೆಣ್ಣುಗಳಾದರೂ ನಿಮಗೆ ಕಾಣುತ್ತಿರಲಿ. ಒಂದೇ ಗೆಣ್ಣು ಕಾಣುತ್ತಿದ್ದರೆ ನಿಮ್ಮ ಸ್ಲೈಸಿನ ಅರ್ಧ ಕಾರಣ ಅಲ್ಲೇ ಇದೆ ಎಂದುಕೊಳ್ಳಬಹುದು.

ಇನ್ನು, ಮೊದಲ ನಾಲ್ಕೈದು ಚೆಂಡುಗಳು ಚೆನ್ನಾಗಿ ಹೋಗಿ ಆಮೇಲೆ ಕೆಡುವುದು ಏಕೆ? ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಭಾರವಾದುದನ್ನು ಬೀಸಿದ ಬೆನ್ನಲ್ಲೇ ಹಗುರವಾದುದನ್ನು ಹಿಡಿದರೆ ಅದು ಇನ್ನಷ್ಟು ಹಗುರವಾಗಿ, ಇನ್ನಷ್ಟು ವೇಗವಾಗಿ ಹೋದಂತೆ ಅನಿಸುತ್ತದೆ. ಬೇಸ್‌ಬಾಲ್ ಬ್ಯಾಟಿಗೆ ಭಾರ ಕಟ್ಟಿ ಬೀಸಿದ ಮೇಲೆ ಮಾಮೂಲಿ ಬ್ಯಾಟ್ ಬೀಸುವವರ ಬಗ್ಗೆ ಜಪಾನಿನ ಸಂಶೋಧಕರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬ್ಯಾಟು ಹಗುರವಾಯಿತು, ವೇಗ ಹೆಚ್ಚಿತು ಎಂದು ಆಟಗಾರರಿಗೆ ಅನಿಸಿತ್ತು. ಅಳತೆ ಮಾಡಿ ನೋಡಿದರೆ ಭಾರ ಕಳಚಿದ ಮೇಲಿನ ಮೊದಲ ಬೀಸಿನ ವೇಗ ಮೊದಲಿಗಿಂತ ಕಡಿಮೆಯೇ ಆಗಿತ್ತು. ಅನಿಸುವುದಕ್ಕೂ ಆಗುವುದಕ್ಕೂ ನಡುವೆ ಇಷ್ಟು ದೂರವಿರುತ್ತದೆ ಎಂಬುದನ್ನು ಗಾಲ್ಫ್ ಕಲಿಯುವವರು ಮೊದಲ ದಿನವೇ ತಿಳಿದುಕೊಳ್ಳುವುದು ಒಳ್ಳೆಯದು. ಕೋಲು ಬಿಟ್ಟು ಡ್ರೈವರ್ ಹಿಡಿದಾಗ ನಿಮಗಾಗುವ ಹಿತದಲ್ಲಿ ಒಂದು ಪಾಲು ಈ ಭ್ರಮೆಯದು; ಅದು ಕೆಲವೇ ನಿಮಿಷಗಳಲ್ಲಿ ಇಳಿದು ಹೋಗುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ಕಲಿಯುವವನಿಗೆ ಹೊರಗಿನಿಂದ ಸತತವಾಗಿ ನೆರವು ಸಿಗುತ್ತಿದ್ದರೆ, ನೆರವು ಇರುವಷ್ಟು ಹೊತ್ತು ಕೆಲಸ ಚೆನ್ನಾಗಿ ನಡೆಯುತ್ತದೆ, ತೆಗೆದೊಡನೆ ಕುಸಿಯುತ್ತದೆ. ತನ್ನ ಒಳಗಿನ ಸೂಚನೆಗಳನ್ನು ಓದುವ ಕೆಲಸವನ್ನು ಅವನು ಆ ನೆರವಿಗೇ ವಹಿಸಿಬಿಟ್ಟಿರುತ್ತಾನೆ. ಚಲನೆಯ ಕಲಿಕೆಯನ್ನು ಕುರಿತ ಆವರೆಗಿನ ಪ್ರಯೋಗಗಳನ್ನು 1984ರಲ್ಲಿ ಪರಿಶೀಲಿಸಿದ ಸಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಅವರು ಮುಂದಿಟ್ಟ ಈ ವಿಚಾರ ಇಂದಿಗೂ ತರಬೇತುದಾರರ ಪಾಠದ ಭಾಗವಾಗಿದೆ. ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಮುತ್ತಿನಂತೆ ಬರೆಯುವ ಮಗುವಿಗೆ ಗೆರೆಯಿಲ್ಲದ ಬಿಳಿ ಹಾಳೆ ಕೊಟ್ಟರೆ ಸಾಲು ಮೇಲೇರುವುದನ್ನು ನೀವು ನೋಡಿರುತ್ತೀರಿ. ಮೇಷ್ಟ್ರು ಆಗ ಇನ್ನೂ ಹತ್ತು ಪುಟ ಕಾಪಿ ಬರೆಸುವುದಿಲ್ಲ. ಗೆರೆಯ ಪುಟವನ್ನೂ ಬಿಳಿ ಪುಟವನ್ನೂ ಒಂದಾದ ಮೇಲೊಂದರಂತೆ ಬರೆಸುತ್ತಾರೆ.

ನೀವು ಮಾಡಬೇಕಾದದ್ದೂ ಅಷ್ಟೇ. ಭಾನುವಾರ ರೇಂಜಿಗೆ ಹೋದಾಗ ಆರಂಭದಲ್ಲಿ ಕೋಲನ್ನು ಹತ್ತಾರು ಸಲ ಬೀಸಿ ಬದಿಗಿಟ್ಟು, ಆಮೇಲೆ ಒಂದು ಬುಟ್ಟಿ ಚೆಂಡನ್ನು ಒಂದೇ ಸಮನೆ ಹೊಡೆಯುವ ಕ್ರಮವನ್ನು ಬಿಡಿ. ಕೋಲನ್ನು ಎರಡು ಸಲ ನಿಧಾನವಾಗಿ ಬೀಸಿ; ಕೂಡಲೇ ಸೆವೆನ್ ಐರನ್ ಹಿಡಿದು ಚೆಂಡಿಲ್ಲದೆ ಒಂದು ಸಲ ಅದೇ ಲಯದಲ್ಲಿ ಬೀಸಿ; ಆಮೇಲೆ ಒಂದು ಚೆಂಡು, ಒಂದೇ ಒಂದು, ಮುಕ್ಕಾಲು ಬಲದಲ್ಲಿ ಹೊಡೆಯಿರಿ. ಅದು ಹೋದ ದಿಕ್ಕನ್ನು ಕೊನೆಯವರೆಗೂ ನೋಡಿ, ಹಿಂದಕ್ಕೆ ಸರಿದು, ಮತ್ತೆ ಮೊದಲಿನಿಂದ ಆರಂಭಿಸಿ. ಎರಡು ಮೂರು ವಾರ ಕಳೆದ ಮೇಲೆ ಎರಡು ಚೆಂಡಿಗೆ ಒಂದು ಸಲ ಕೋಲು, ಆಮೇಲೆ ಐದು ಚೆಂಡಿಗೆ ಒಂದು ಸಲ ಎಂದು ಕೋಲಿನ ಪಾಲನ್ನು ಇಳಿಸುತ್ತಾ ಬನ್ನಿ. ಒಂದು ಚೆಂಡಿಗೂ ಇನ್ನೊಂದಕ್ಕೂ ಗುರಿ ಬದಲಾಗಲಿ, ಸಾಧ್ಯವಾದರೆ ಕ್ಲಬ್ಬೂ ಬದಲಾಗಲಿ. ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುವಾಗ ಅಭ್ಯಾಸದ ಹೊತ್ತಿನಲ್ಲಿ ಕೈ ಚೆನ್ನಾಗಿ ಕುದುರಿದಂತೆ ಕಾಣುತ್ತದೆ. ಬೆರೆಸಿ ಹೊಡೆಯುವಾಗ ಅಭ್ಯಾಸ ಒರಟಾಗಿ ಕಂಡರೂ ಕಲಿತದ್ದು ಮುಂದಿನ ವಾರಕ್ಕೆ ಉಳಿಯುತ್ತದೆ. ಶಿಯಾ ಮತ್ತು ಮಾರ್ಗನ್ ಎಂಬವರು 1979ರಲ್ಲಿ ಪ್ರಯೋಗದಿಂದ ತೋರಿಸಿದ ಈ ಸಂಗತಿ ಗಾಲ್ಫಿಗೆ ತೀರಾ ಸಲ್ಲುತ್ತದೆ, ಏಕೆಂದರೆ ಆಟದಲ್ಲಿ ಒಂದೇ ಹೊಡೆತ ಬೆನ್ನುಬೆನ್ನಿಗೆ ಎರಡು ಸಲ ಬರುವುದೇ ಅಪರೂಪ.

ಕೊನೆಯ ಹತ್ತು ಚೆಂಡುಗಳನ್ನು ಮಾತ್ರ ಕೋಲು ಮುಟ್ಟದೆ ಹೊಡೆಯಿರಿ. ದೂರದಲ್ಲಿ ಎರಡು ಗುರುತುಗಳನ್ನು ಆರಿಸಿ, ಅವುಗಳ ನಡುವೆ ಎಷ್ಟು ಚೆಂಡು ಬಿದ್ದವು ಎಂದು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ಕೋಲು ನಿಮಗೆ ಉಪಯೋಗವಾಗುತ್ತಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಈ ಅಂಕಿ. ತಾರಸಿಯಲ್ಲಿ ಎಷ್ಟು ಹಿತವೆನಿಸಿತು ಎಂಬುದಕ್ಕೆ ಇಲ್ಲಿ ಬೆಲೆ ಕೊಡಬೇಡಿ.

ಲಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೋಲಿನಿಂದ ಕ್ಲಬ್ಬಿಗೆ ಅತ್ಯಂತ ಸುಲಭವಾಗಿ ದಾಟಿಸಬಹುದಾದದ್ದು ಅದೇ. ಅಮೆರಿಕದ ಜಾನ್ ನೊವೊಸೆಲ್ ಎಂಬವರು ಪ್ರಸಿದ್ಧ ಆಟಗಾರರ ಸ್ವಿಂಗುಗಳನ್ನು ಸೆಕೆಂಡಿಗೆ 30 ಚೌಕಟ್ಟುಗಳ ವಿಡಿಯೋದಲ್ಲಿ ಎಣಿಸಿ ನೋಡಿದಾಗ, ಹಿಂದಕ್ಕೆ ಹೋಗಲು 21 ಚೌಕಟ್ಟು ಹಿಡಿದರೆ ಕೆಳಗೆ ಬಂದು ಚೆಂಡಿಗೆ ತಾಗಲು 7, ಅಲ್ಲಿ 24 ಆದರೆ ಇಲ್ಲಿ 8, ಅಲ್ಲಿ 27 ಆದರೆ ಇಲ್ಲಿ 9 ಎಂಬಂತೆ ಮೂರಕ್ಕೆ ಒಂದರ ಪ್ರಮಾಣ ಎದ್ದು ಕಂಡಿತು. ಒಟ್ಟು ಕಾಲ ಆಟಗಾರನಿಂದ ಆಟಗಾರನಿಗೆ ಬದಲಾದರೂ ಪ್ರಮಾಣ ಹೆಚ್ಚು ಕದಲಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹಿಡಿಯಲು ಯಾವ ಯಂತ್ರವೂ ಬೇಡ. ‘ತ ಕ ಧಿ ಮಿ’ ಎಂದು ಸಮನಾದ ನಡೆಯಲ್ಲಿ, ನಾಲ್ಕೂ ಅಕ್ಷರ ಸೇರಿ ಸುಮಾರು ಒಂದು ಸೆಕೆಂಡ್ ಆಗುವಂತೆ, ಮನಸ್ಸಿನಲ್ಲೇ ಹೇಳಿಕೊಳ್ಳಿ. ಮೊದಲ ‘ತ’ಕ್ಕೆ ಕ್ಲಬ್ ಚೆಂಡಿನ ಹಿಂದಿನಿಂದ ಹೊರಡಲಿ, ‘ಮಿ’ಗೆ ಅದು ಬ್ಯಾಕ್‌ಸ್ವಿಂಗಿನ ತುದಿ ಮುಟ್ಟಲಿ, ಮುಂದಿನ ಆವರ್ತನದ ‘ತ’ ಚೆಂಡಿನ ಮೇಲೆ ಬೀಳಲಿ. ತುದಿಗೆ ಮೂರು ಅಕ್ಷರದ ದೂರ, ಅಲ್ಲಿಂದ ಚೆಂಡಿಗೆ ಒಂದು ಅಕ್ಷರದ ದೂರ. ಸ್ಲೈಸ್ ಹೊಡೆಯುವ ಬಹಳ ಮಂದಿ ‘ಧಿ’ಗೇ ತುದಿ ಮುಟ್ಟಿ, ಅಲ್ಲಿಂದಲೇ ಭುಜ ಮುಂದೆ ಹಾಕಿ ಎಳೆಯುತ್ತಾರೆ. ಕೋಲು ಬೀಸುವಾಗಲೂ ಇದೇ ಅಕ್ಷರಗಳನ್ನು ಹೇಳಿ, ಸೆವೆನ್ ಐರನ್ನಿಗೂ ಇವನ್ನೇ ಹೇಳಿ, ಡ್ರೈವರಿಗೂ ಬದಲಿಸಬೇಡಿ. ಕೋಲು ಭಾರವಾದುದರಿಂದ ಅದರ ಒಟ್ಟು ವೇಗ ಕೊಂಚ ನಿಧಾನವಾಗಬಹುದು; ಆದರೂ ಪ್ರಮಾಣ ಅದೇ ಇರಲಿ.

ಡೌನ್‌ಸ್ವಿಂಗಿಗೆ ಸಿಗುವುದು ಸೆಕೆಂಡಿನ ಕಾಲು ಭಾಗ ಮಾತ್ರ ಎಂಬುದರಿಂದ ಇನ್ನೊಂದು ಮಾತು ಹೊರಡುತ್ತದೆ. ಕಣ್ಣೋ ಕೈಯೋ ತಪ್ಪನ್ನು ಗುರುತಿಸಿ ಮೆದುಳು ಅದನ್ನು ತಿದ್ದುವ ಆಜ್ಞೆ ಕೊಡುವುದಕ್ಕೇ ಹತ್ತಿರ ಹತ್ತಿರ ಅಷ್ಟು ಕಾಲ ಬೇಕು. ಆದ್ದರಿಂದ ಕೆಳಗೆ ಬರುವಾಗ ‘ಮೊಣಕೈ ಒಳಗೆ, ಸೊಂಟ ಮುಂದೆ, ಮಣಿಕಟ್ಟು ಬಿಗಿ’ ಎಂದು ಯೋಚಿಸಿ ಏನನ್ನೂ ಸರಿಪಡಿಸಲಾಗದು. ಒಂದೇ ಒಂದು ಅನಿಸಿಕೆಯನ್ನು ಹೊರಡುವ ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು. ಅದು ಕೂಡ ಅಂಗಾಂಗಗಳ ಬಗ್ಗೆ ಇರುವುದಕ್ಕಿಂತ ಕ್ಲಬ್ಬಿನ ಚಲನೆಯ ಬಗ್ಗೆ ಇದ್ದರೆ ಮೇಲು. 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಹೊಸಬರಿಗೆ ಗಾಲ್ಫಿನ ಪಿಚ್ ಹೊಡೆತ (ಹತ್ತಿರದ ಗುರಿಗೆ ಚೆಂಡನ್ನು ಎತ್ತಿ ಹೊಡೆಯುವುದು) ಕಲಿಸುವಾಗ ಒಂದು ಗುಂಪಿಗೆ ತೋಳುಗಳ ಚಲನೆಯ ಕಡೆಗೂ ಇನ್ನೊಂದಕ್ಕೆ ಕ್ಲಬ್ಬಿನ ತೂಗಾಟದ ಕಡೆಗೂ ಗಮನವಿಡಲು ಹೇಳಿದ್ದರು. ಕ್ಲಬ್ಬಿನ ಕಡೆ ಗಮನವಿಟ್ಟವರ ಹೊಡೆತ ಅಭ್ಯಾಸದಲ್ಲೂ ಮರುದಿನದ ಪರೀಕ್ಷೆಯಲ್ಲೂ ಹೆಚ್ಚು ನಿಖರವಾಗಿತ್ತು. ನಿಮ್ಮ ಕೋಲಿನ ದೊಡ್ಡ ಗುಣ ಇಲ್ಲಿಯೇ ಇದೆ: ಗುಂಡು ಎಲ್ಲಿದೆ ಎಂಬುದರ ಕಡೆ ಗಮನವನ್ನು ಅದು ತಾನಾಗಿ ಸೆಳೆಯುತ್ತದೆ. ಸ್ವಂತ ಕ್ಲಬ್ ಹಿಡಿದಾಗಲೂ ‘ಕ್ಲಬ್‌ಹೆಡ್ ಈಗ ಎಲ್ಲಿದೆ’ ಎಂಬ ಅದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ.

ಈಗ ತಾರಸಿಯ ಆರು ದಿನಗಳಿಗೆ ಬರೋಣ. ಕೋಲನ್ನು ದಿನಬಿಟ್ಟು ದಿನ ಬೀಸಿದರೆ ಸಾಕು, ಒಂದು ಸಲಕ್ಕೆ ಹತ್ತು ಹದಿನೈದು ಬೀಸು. ಉಳಿದ ಹೊತ್ತು ಕೈಯಲ್ಲಿ ನಿಮ್ಮ ಸ್ವಂತ ಐರನ್ ಇರಲಿ. ಬಾಗಿಲ ಮುಂದೆ ಹಾಕುವ ತೆಂಗಿನ ನಾರಿನ ಕಾಲೊರಸನ್ನು ತಾರಸಿಗೆ ಒಯ್ದು, ಅದರ ಮೇಲೆ ಚೆಂಡು ಇರಬೇಕಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿ. ಐರನ್ ಪ್ರತಿ ಸಲವೂ ಆ ಗುರುತಿನಿಂದ ಆರಂಭಿಸಿ ಗುರಿಯ ಕಡೆಗೆ ನಾರನ್ನು ‘ಸರ್‌’ ಎಂದು ಸವರಿಕೊಂಡು ಹೋಗಬೇಕು. ಗುರುತಿಗಿಂತ ಹಿಂದೆಯೇ ನಾರು ಸದ್ದು ಮಾಡಿದರೆ ಮೈಭಾರ ಇನ್ನೂ ಬಲಗಾಲಿನ ಮೇಲೆ ಉಳಿದಿದೆ ಎಂದರ್ಥ. ನೀವು ಹೇಳಿದ, ಚೆಂಡಿಗಿಂತ ಮೊದಲು ನೆಲ ತಾಗುವ ತೊಂದರೆ ಇದೇ. ಬೀಸುವ ಮೊದಲು ಬಟ್ಟೆ ಒಣಹಾಕುವ ತಂತಿ, ವಿದ್ಯುತ್ ತಂತಿ, ನೀರಿನ ತೊಟ್ಟಿಯ ಪೈಪು, ಮಕ್ಕಳು ಇವರೆಲ್ಲರಿಂದ ದೂರವಿದ್ದೀರಾ ಎಂದು ಒಂದು ಸುತ್ತು ನೋಡಿಕೊಳ್ಳಿ.

ಕಾಸಿಲ್ಲದ ಇನ್ನೊಂದು ಸಾಧನವಿದೆ, ನನ್ನ ಅಭಿಪ್ರಾಯದಲ್ಲಿ ನಿಮ್ಮ ಕೋಲಿಗಿಂತಲೂ ಪ್ರಾಮಾಣಿಕವಾದುದು. ಡ್ರೈವರನ್ನು ತಲೆಕೆಳಗಾಗಿ ಹಿಡಿಯಿರಿ, ಅಂದರೆ ಕ್ಲಬ್‌ಹೆಡ್ಡಿನ ಹತ್ತಿರ ಶಾಫ್ಟನ್ನು ಹಿಡಿದು ಹಿಡಿಯ ಭಾಗವನ್ನು ಗಾಳಿಯಲ್ಲಿ ಬೀಸಿ. ‘ಸುಂಯ್’ ಎಂಬ ಸದ್ದು ಬರುತ್ತದೆ. ಅದು ಎಲ್ಲಿ ಅತಿ ಜೋರಾಗಿ ಕೇಳಿಸುತ್ತದೆ ಎಂಬುದೊಂದನ್ನೇ ಗಮನಿಸಿ. ಮೇಲಿನಿಂದ ಎಳೆಯುವವರಿಗೆ ಸದ್ದು ಬಲಕಿವಿಯ ಪಕ್ಕದಲ್ಲೇ, ಚೆಂಡಿನ ಜಾಗಕ್ಕೆ ಬರುವ ಮೊದಲೇ, ಮುಗಿದುಹೋಗಿರುತ್ತದೆ. ವೇಗವೆಲ್ಲ ಅಲ್ಲೇ ಖರ್ಚಾಗಿದೆ. ಸದ್ದು ಚೆಂಡಿನ ಜಾಗದಲ್ಲಿ, ಇಲ್ಲವೇ ಅದನ್ನು ದಾಟಿದ ಕೂಡಲೇ ಎಡಗಾಲಿನ ಮುಂದೆ ಕೇಳಿಸುವಂತೆ ಬೀಸುವುದನ್ನು ಕಲಿತರೆ, ಗುಂಡಿನ ಕೋಲು ತೂಕದಿಂದ ಹೇಳುತ್ತಿದ್ದುದನ್ನೇ ಇದು ಕಿವಿಗೆ ಹೇಳುತ್ತದೆ. ಹಗುರವಾದ್ದರಿಂದ ಸೊಂಟಕ್ಕೂ ಹಿತ.

ಭಾನುವಾರ ಹುಲ್ಲಿನ ಮೇಲೆ ಅಭ್ಯಾಸ ಮಾಡಲು ಅನುಮತಿಯಿರುವ ಜಾಗ ಸಿಕ್ಕರೆ ಮನೆಯಿಂದ ಒಂದು ಚಿಟಿಕೆ ರಂಗೋಲಿ ಪುಡಿ ಒಯ್ಯಿರಿ. ಗುರಿಯ ದಿಕ್ಕಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಚೆಂಡಿಲ್ಲದೆ, ಗೆರೆಯೇ ಚೆಂಡು ಎಂಬಂತೆ ಐರನ್ ಬೀಸಿ. ಡಿವಟ್, ಅಂದರೆ ಕ್ಲಬ್ ಹುಲ್ಲು ಕಿತ್ತ ಗುರುತು, ಗೆರೆಯಲ್ಲಿ ಆರಂಭವಾಗಿ ಗುರಿಯ ಕಡೆಗೆ ಸಾಗಿದ್ದರೆ ಸರಿ. ಗೆರೆಯ ಹಿಂದಿನ ಹುಲ್ಲು ಕಿತ್ತಿದ್ದರೆ ತಪ್ಪು. ಮ್ಯಾಟಿನ ಮೇಲೆ ಹೊಡೆಯುವಾಗ ಈ ಸತ್ಯ ಗೊತ್ತಾಗುವುದಿಲ್ಲ. ಚೆಂಡಿಗಿಂತ ಎರಡು ಅಂಗುಲ ಹಿಂದೆ ತಾಗಿದರೂ ಕ್ಲಬ್ ಮ್ಯಾಟಿನ ಮೇಲೆ ಜಾರಿ ಬಂದು ಚೆಂಡನ್ನು ಎತ್ತಿಬಿಡುತ್ತದೆ. ಮೈಸೂರಿನ ಮಳೆಗಾಲದ ಮೆತ್ತಗಿನ ನೆಲದಲ್ಲಿ ಅದೇ ಹೊಡೆತಕ್ಕೆ ಕ್ಲಬ್ ಮಣ್ಣಿನಲ್ಲಿ ಹೂತು ಚೆಂಡು ನಾಲ್ಕು ಮಾರು ಉರುಳುತ್ತದೆ, ಬೇಸಿಗೆಯ ಗಟ್ಟಿ ನೆಲದಲ್ಲಾದರೆ ಕ್ಲಬ್ ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ.

ಸ್ಲೈಸಿಗೆ ಗ್ರಿಪ್ ಸರಿಪಡಿಸಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಶಾಲೆಗಳಲ್ಲಿ ಬಿಳಿ ಹಲಗೆಯ ಮೇಲೆ ಬರೆಯುವ ಅಳಿಸಬಹುದಾದ ಮಾರ್ಕರಿನಿಂದ ಚೆಂಡಿನ ಹಿಂಬದಿಗೆ ದಪ್ಪದೊಂದು ಚುಕ್ಕೆ ಇಡಿ, ಚುಕ್ಕೆ ಕ್ಲಬ್ಬಿನ ಕಡೆಗೆ ನೋಡುವಂತೆ ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲೆ ಕೂರಿಸಿ ಡ್ರೈವರಿನಲ್ಲಿ ಹೊಡೆಯಿರಿ. ಚುಕ್ಕೆ ಡ್ರೈವರಿನ ಮುಖಕ್ಕೆ ಹತ್ತಿಕೊಂಡಿರುತ್ತದೆ. ಅದು ನಡುವಿಗಿಂತ ಒಳಬದಿಗೆ, ಶಾಫ್ಟ್ ಸೇರುವ ಹೀಲ್ ಕಡೆಗೆ ಬಿದ್ದಿದ್ದರೆ, ಆ ಪೆಟ್ಟಿನಿಂದಲೇ ಚೆಂಡಿಗೆ ಬಲಕ್ಕೆ ಬಾಗುವ ತಿರುಗು ಸೇರುತ್ತದೆ. ಹಾಗಾದರೆ ನೀವು ಸ್ವಿಂಗನ್ನೇ ಬದಲಿಸಲು ಒದ್ದಾಡುವ ಮೊದಲು ಚೆಂಡಿನಿಂದ ಎಷ್ಟು ದೂರ ನಿಲ್ಲುತ್ತೀರಿ, ಕೆಳಗೆ ಬರುವಾಗ ಮೈ ಚೆಂಡಿನ ಕಡೆಗೆ ವಾಲುತ್ತಿದೆಯೇ ಎಂಬುದನ್ನು ನೋಡಬೇಕಾಗುತ್ತದೆ. ಚುಕ್ಕೆ ಸರಿಯಾಗಿ ನಡುವಿಗೆ ಬಿದ್ದೂ ಚೆಂಡು ಬಲಕ್ಕೆ ಬಾಗುತ್ತಿದ್ದರೆ ತೊಂದರೆ ಫೇಸ್ ಮತ್ತು ದಾರಿಯದೇ. ದಾರಿ ಹೊರಗಿನಿಂದ ಒಳಕ್ಕೆ ಕತ್ತರಿಸುತ್ತಿದೆಯೇ ಎಂದು ತಿಳಿಯಲು ಚೆಂಡಿನ ಆಚೆ ಬದಿಗೆ, ಅಂಗೈ ಅಗಲ ಬಿಟ್ಟು, ತುಸು ಹಿಂದಕ್ಕೆ ಡ್ರೈವರಿನ ಬಟ್ಟೆಯ ಕವರನ್ನು ಇಡಿ. ಕತ್ತರಿಸುವವರು ಚೆಂಡಿಗೆ ಮೊದಲು ಅದನ್ನು ಹಾರಿಸುತ್ತಾರೆ.

ಮೊಬೈಲಿನ ನಿಧಾನಗತಿಯ ವಿಡಿಯೋ ಇದ್ದರೆ ತಿಂಗಳಿಗೊಮ್ಮೆ ಎದುರಿನಿಂದ ಒಂದು, ಗುರಿಯ ರೇಖೆಯ ಹಿಂದಿನಿಂದ ಒಂದು, ಹೀಗೆ ಎರಡು ಕೋನಗಳಿಂದ ತೆಗೆಸಿಕೊಳ್ಳಿ. ಸೆಕೆಂಡಿಗೆ 240 ಚೌಕಟ್ಟು ತೆಗೆಯುವ ಫೋನಿನಲ್ಲಿ ಡೌನ್‌ಸ್ವಿಂಗ್ ಒಂದಕ್ಕೇ ಸುಮಾರು 60 ಚಿತ್ರಗಳು ಸಿಗುತ್ತವೆ. ಕೋಲಿನ ಸ್ವಿಂಗನ್ನೂ ಚೆಂಡು ಹೊಡೆಯುವ ಸ್ವಿಂಗನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ಚೆಂಡು ಎದುರಿಗಿದ್ದಾಗ ಎಲ್ಲಿ ಅವಸರ ನುಗ್ಗುತ್ತದೆ ಎಂಬುದು ನಿಮಗೇ ಕಾಣುತ್ತದೆ. ದಿನವೂ ತೆಗೆಯುವುದು ಬೇಡ. ಆಗ ಫೋನೂ ಇನ್ನೊಂದು ಊರುಗೋಲಾಗುತ್ತದೆ.

ಮಣಿಕಟ್ಟಿನ ಸಾಧನವನ್ನು ಸದ್ಯಕ್ಕೆ ಕೊಳ್ಳಬೇಡಿ. ಸಾಧನಗಳಲ್ಲಿ ಎರಡು ಜಾತಿ. ಕೆಲವು ನೀವು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಸಿ ಸುಮ್ಮನಾಗುತ್ತವೆ; ರಂಗೋಲಿ ಗೆರೆ, ಮಾರ್ಕರಿನ ಚುಕ್ಕೆ, ದಿಕ್ಕು ನೋಡಿಕೊಳ್ಳಲು ನೆಲದ ಮೇಲಿಡುವ ಅಲೈನ್‌ಮೆಂಟ್ ಕಡ್ಡಿ ಈ ಜಾತಿಯವು. ಇನ್ನು ಕೆಲವು ತಪ್ಪು ಮಾಡಲು ಬಿಡದೆ ಕೈಯನ್ನು ಹಿಡಿದು ನಡೆಸುತ್ತವೆ. ಮಣಿಕಟ್ಟಿನ ಕೋನವನ್ನು ಬಿಗಿಯುವ ಪಟ್ಟಿಗಳು ಆ ಜಾತಿಯವು. ಅವು ಬೇಡವೇ ಬೇಡ ಎನ್ನಲಾರೆ. ಅನುಭವವಿಲ್ಲದ ಭಂಗಿಯನ್ನು ಒಂದೆರಡು ಸಲ ಮೈಗೆ ತೋರಿಸಿಕೊಡಲು, ಕೋಚ್ ಒಬ್ಬರು ಪಕ್ಕದಲ್ಲಿ ನಿಂತಿರುವಾಗ, ಅವು ಒಳ್ಳೆಯವೇ. ಆದರೆ ಒಬ್ಬರೇ ತಾರಸಿಯಲ್ಲಿ ದಿನಗಟ್ಟಲೆ ಕಟ್ಟಿಕೊಂಡರೆ, ಕೋಲಿನ ವಿಷಯದಲ್ಲಿ ಆದದ್ದೇ ಮತ್ತೆ ಆಗುತ್ತದೆ, ಇನ್ನೂ ಬೇಗನೆ ಆಗುತ್ತದೆ. ಆ ಹಣದಲ್ಲಿ ಕೋಚ್ ಒಬ್ಬರಿಂದ ಒಂದೆರಡು ಪಾಠ ಹೇಳಿಸಿಕೊಂಡು ಗ್ರಿಪ್ ಮತ್ತು ನಿಲುವನ್ನು ನೋಡಿಸಿಕೊಳ್ಳುವುದು ಲಾಭ. ಚಾಮುಂಡಿ ಬೆಟ್ಟದ ಬುಡದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ವೃತ್ತಿಪರರ ಪಂದ್ಯಗಳು ನಡೆದಿವೆ. ಅಂಥ ಅವಕಾಶ ಮತ್ತೆ ಬಂದಾಗ ಪಂದ್ಯಕ್ಕಿಂತ ಮೊದಲು ಅಭ್ಯಾಸದ ಜಾಗದ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಿ. ದುಬಾರಿ ಉಪಕರಣಗಳಿಗಿಂತ ನೆಲದ ಮೇಲೆ ಹಾಕಿದ ಎರಡು ಕಡ್ಡಿಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ಸೊಂಟದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಬೆನ್ನು ಬಿಗಿದಿರುವ ಹೊತ್ತಿನಲ್ಲಿ ಭಾರದ ಕೋಲನ್ನು ಪೂರ್ತಿ ಬೀಸುವುದು ನಿಮ್ಮ ವಯಸ್ಸಿಗೆ ಸಲ್ಲದು. ಹತ್ತು ನಿಮಿಷ ನಡೆದು, ಭುಜ ಮತ್ತು ಸೊಂಟವನ್ನು ಸಡಿಲಿಸಿ, ಮೊದಲು ಮೊಣಕಾಲಿನೆತ್ತರದಿಂದ ಮೊಣಕಾಲಿನೆತ್ತರಕ್ಕೆ, ಆಮೇಲೆ ಸೊಂಟದೆತ್ತರಕ್ಕೆ, ಕೊನೆಗೆ ಪೂರ್ತಿ ಎಂದು ಬೀಸನ್ನು ಹಿಗ್ಗಿಸಿ. ಕೆಲವು ಸಲ ಎಡಗೈ ಆಟಗಾರನಂತೆ ವಿರುದ್ಧ ದಿಕ್ಕಿಗೂ ನಿಧಾನವಾಗಿ ಬೀಸಿದರೆ ಒಂದೇ ಬದಿಯ ಮೇಲೆ ಒತ್ತಡ ಬೀಳುವುದು ತಪ್ಪುತ್ತದೆ. ಬಿಗಿತ ಎರಡು ವಾರದಲ್ಲಿ ಇಳಿಯದಿದ್ದರೆ, ಅಥವಾ ನೋವು ಕಾಲಿಗೆ ಇಳಿಯುತ್ತಿದ್ದರೆ, ಕೋಲನ್ನು ಮೂಲೆಗಿಟ್ಟು ಮೂಳೆ ವೈದ್ಯರನ್ನು ಕಾಣಿ. ವೇಗ ಹೆಚ್ಚಿಸಲೆಂದು ಮಾರುವ, ಬೇರೆ ಬೇರೆ ತೂಕದ ಮೂರು ಕೋಲುಗಳ ಸೆಟ್ ಬಗ್ಗೆ ಯಾರಾದರೂ ಹೇಳಿದರೆ ಈಗ ಅದರ ಗೊಡವೆಗೆ ಹೋಗಬೇಡಿ.

ಕೊನೆಯದಾಗಿ ನಿಯಮದ ಪ್ರಶ್ನೆ. ಆಟ ಆರಂಭವಾಗುವ ಮೊದಲು ಅಭ್ಯಾಸದ ಜಾಗದಲ್ಲಿ ಕೋಲನ್ನು ಬೀಸಲು ಅಡ್ಡಿಯಿಲ್ಲ. ಸುತ್ತು ಆರಂಭವಾದ ಮೇಲೆ, ಟೀಯಲ್ಲಿ ಮುಂದಿನ ಗುಂಪಿಗಾಗಿ ಕಾಯುತ್ತಿದ್ದರೂ ಸರಿ, ಅದನ್ನಾಗಲಿ ಕ್ಲಬ್ಬಿಗೆ ಭಾರದ ಉಂಗುರ ತೊಡಿಸಿಕೊಂಡಾಗಲಿ ಬೀಸುವಂತಿಲ್ಲ. ಗಾಲ್ಫ್ ನಿಯಮ 4.3 ಇದನ್ನು ನಿಷೇಧಿಸುತ್ತದೆ. ಅಲೈನ್‌ಮೆಂಟ್ ಕಡ್ಡಿಗೂ ಇದೇ ನಿಯಮ. 2010ರಲ್ಲಿ ಅಮೆರಿಕದ ಹಿರಿಯ ಆಟಗಾರ್ತಿ ಜೂಲಿ ಇಂಕ್‌ಸ್ಟರ್ ಸೇಫ್‌ವೇ ಕ್ಲಾಸಿಕ್ ಪಂದ್ಯದಲ್ಲಿ ಬಹಳ ಹೊತ್ತು ಕಾಯಬೇಕಾಗಿ ಬಂದಾಗ ಮೈ ಬಿಗಿಯದಿರಲೆಂದು ಕ್ಲಬ್ಬಿಗೆ ಭಾರ ಹಾಕಿ ಬೀಸಿದ್ದಕ್ಕೆ ಪಂದ್ಯದಿಂದಲೇ ಅನರ್ಹರಾದರು. ಆಗಿನ ದಂಡನೆ ಅಷ್ಟು ಕಠಿಣವಾಗಿತ್ತು. ಈಗ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಆಟದಲ್ಲಿ) ಮೊದಲ ತಪ್ಪಿಗೆ ಎರಡು ಹೊಡೆತಗಳ ದಂಡ, ಅದೇ ಸುತ್ತಿನಲ್ಲಿ ಮತ್ತೆ ಮಾಡಿದರೆ ಅನರ್ಹತೆ. ಕಾಯುವಾಗ ಮೈ ಬಿಸಿ ಮಾಡಿಕೊಳ್ಳಬೇಕೆನಿಸಿದರೆ ನಿಮ್ಮ ಬ್ಯಾಗಿನಲ್ಲಿರುವ ಎರಡು ಐರನ್‌ಗಳನ್ನು ಒಟ್ಟಿಗೆ ಹಿಡಿದು ನಿಧಾನವಾಗಿ ಬೀಸಿ, ಅದಕ್ಕೆ ಯಾರ ಆಕ್ಷೇಪವೂ ಇರದು. ಕೋಲನ್ನು ಮಾತ್ರ ಕಾರಿನ ಡಿಕ್ಕಿಯಲ್ಲೇ ಬಿಟ್ಟು ಬನ್ನಿ.